ಸ್ವರ ಸಂದೇಹ: ಸ–ರಿ ನಡುವೆ ಎಷ್ಟು ಪಾಲು?

ಹೋಲ್ ಟೋನನ್ನು, ಅಂದರೆ ಸ ಮತ್ತು ಶುದ್ಧ ರಿ ನಡುವಿನ ಅಂತರವನ್ನು, ಸಮಪಾಲು ಮಾಡಿ ಹೊಸ ಶ್ರುತಿಕ್ರಮ ಕಟ್ಟುವುದರ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಲೆಕ್ಕ ಸಲೀಸಾಗಲೆಂದು ಎಲ್ಲ ಕಡೆ ಸ = 240 ಹರ್ಟ್ಜ್ ಎಂದು ಹಿಡಿದಿದ್ದೇವೆ. ಸೆಂಟ್ ಅಂದರೆ ಸಪ್ತಕದ 1200ನೇ ಒಂದು ಪಾಲು. 1885ರಲ್ಲಿ ಅಲೆಕ್ಸಾಂಡರ್ ಎಲಿಸ್ ಬಳಕೆಗೆ ತಂದ ಅಳತೆ. ಪೇಟಿಯಲ್ಲಿ, ಅಂದರೆ ಹಾರ್ಮೋನಿಯಂನಲ್ಲಿ, ಅಕ್ಕಪಕ್ಕದ ಕೀಗಳ ನಡುವೆ 100 ಸೆಂಟ್, ಸ–ರಿ ನಡುವೆ 200. ಸ್ವರಗಳ ಹೆಸರು ಹಿಂದೂಸ್ತಾನಿ ಪದ್ಧತಿಯವು. ಕರ್ನಾಟಕ ಪದ್ಧತಿಯವರು ಶುದ್ಧ ರಿ ಎಂದಲ್ಲಿ ಚತುಶ್ರುತಿ ರಿಷಭ, ಶುದ್ಧ ಗ ಎಂದಲ್ಲಿ ಅಂತರ ಗಾಂಧಾರ ಎಂದು ಓದಿಕೊಳ್ಳಿ.

ಪ್ರಶ್ನೆ: ಪೇಟಿಯಲ್ಲಿ ಸ–ರಿ ನಡುವೆ ಇರುವುದು ಕೋಮಲ ರಿ ಒಂದೇ. ಅದರ ಬದಲು ಎರಡು ಸ್ವರ ಇಟ್ಟು ಮೂರು ಸಮಪಾಲು ಮಾಡಿದರೆ, ರಾಗಕ್ಕೆ ಬೇಕಾದ ಸೂಕ್ಷ್ಮ ಸ್ವರಗಳು ಸಿಕ್ಕಾವೆಯೇ?
— ಭಜನಾ ಮಂಡಳಿಯ ಪೇಟಿ ವಾದಕರು, ಸಿಂಧನೂರು

ಉತ್ತರ: ಸ್ವರಗಳೇನೋ ಸಿಗುತ್ತವೆ, ಆದರೆ ಪಂಚಮ ಕೈಬಿಡುತ್ತದೆ. 200 ಸೆಂಟನ್ನು ಮೂರು ಮಾಡಿದರೆ ಒಂದು ಹೆಜ್ಜೆಗೆ 66.67 ಸೆಂಟ್. ಹಿಂದಿನ ಸ್ವರದ ಕಂಪನವನ್ನು 1.03926ರಿಂದ ಗುಣಿಸುತ್ತಾ ಹೋಗಿ: 240, 249.42, 259.21, 269.39. ಕೊನೆಯದು ನಿಮ್ಮ ಪೇಟಿಯ ರಿ. ಗುಣಿಸಬೇಕು, ಕೂಡಿಸಬಾರದು. 29.39 ಹರ್ಟ್ಜ್ ಅಂತರವನ್ನು ಮೂರರಿಂದ ಭಾಗಿಸಿ ಕೂಡುತ್ತಾ ಹೋದರೆ ನಡುವಿನ ಎರಡು ಸ್ವರ ಎರಡೂವರೆ ಸೆಂಟಿನಷ್ಟು ಏರುತ್ತವೆ. ಇಲ್ಲಿ ಅದು ಚಿಕ್ಕ ತಪ್ಪು, ಆದರೆ ಸಪ್ತಕಕ್ಕೆಲ್ಲ ಅದೇ ಲೆಕ್ಕ ಹಾಕಿದರೆ ಏನೂ ಉಳಿಯುವುದಿಲ್ಲ.

ಇನ್ನು ಪಂಚಮ. ಸಪ್ತಕದಲ್ಲಿ ಆರು ಹೋಲ್ ಟೋನ್, ಹಾಗಾಗಿ ನಿಮ್ಮ ಕ್ರಮದಲ್ಲಿ ಒಟ್ಟು 18 ಸ್ವರ. ಪೇಟಿಯ ಪಂಚಮ ಇರುವುದು 700 ಸೆಂಟಿನಲ್ಲಿ, ಅಂದರೆ ಮೂರೂವರೆ ಟೋನಿನ ಮೇಲೆ. ಆ ಅರ್ಧ ಬೇಕೆಂದರೆ ಪ್ರತಿ ಟೋನಿನ ನಟ್ಟನಡುವೆ ಒಂದು ಸ್ವರ ಇರಲೇಬೇಕು. 3, 5, 7 ಎಂದು ಬೆಸ ಪಾಲು ಮಾಡಿದಾಗ ನಟ್ಟನಡುವೆ ಯಾವ ಸ್ವರವೂ ಬೀಳುವುದಿಲ್ಲ. 18ರ ಕ್ರಮದಲ್ಲಿ 700ರ ಆಚೀಚೆ 666.67 ಮತ್ತು 733.33 ಇವೆ, ಎರಡೂ ತಂಬೂರಿಯ ಪಂಚಮಕ್ಕೆ 30 ಸೆಂಟಿಗೂ ಹೆಚ್ಚು ದೂರ. ಎರಡೂವರೆ ಟೋನಿನ ಮೇಲಿರುವ ಶುದ್ಧ ಮಧ್ಯಮದ್ದೂ ಇದೇ ಕಥೆ. ಸ–ಪ ತಂಬೂರಿ ಹಾಕಿಕೊಂಡು ಇದರಲ್ಲಿ ಭಜನೆ ನಡೆಸಲಾಗದು. 2, 4, 6 ಪಾಲಾದರೆ ಪಂಚಮ ಉಳಿಯುತ್ತದೆ. ಟೋನನ್ನು ಮೂರು ಪಾಲು ಮಾಡಬೇಕೆಂದು 1907ರಲ್ಲಿ ಬರೆದ ಇಟಲಿಯ ಸಂಗೀತಗಾರ ಫೆರುಚ್ಚೊ ಬುಸೋನಿ ಕೂಡ ಒಂದೇ ಸಾಲಿಗೆ ನಿಲ್ಲಲಿಲ್ಲ. ಅರ್ಧ ಸ್ವರದ ಅಂತರದಲ್ಲಿ ಅಂಥ ಎರಡು ಸಾಲು ಇಡಿ ಎಂದರು. ಆಗ ಟೋನಿಗೆ 6 ಪಾಲು, ಸಪ್ತಕಕ್ಕೆ 36 ಸ್ವರ.

ರಾಗದ ಸೂಕ್ಷ್ಮ ಸ್ವರದ ಆಸೆಯಿಂದ ಈ ಕೆಲಸಕ್ಕೆ ಇಳಿಯುವುದಾದರೆ ಮೊದಲು ಗಾಂಧಾರವನ್ನು ನೋಡಿ. ಪೇಟಿಯಲ್ಲಿ ನಿಜವಾಗಿ ಕಿವಿಗೆ ಚುಚ್ಚುವುದು ಅದೇ. ತಂಬೂರಿಯ ಖರಜ 120 ಹರ್ಟ್ಜ್ ಇದ್ದರೆ ಅದರ ಐದನೇ ಉಪಸ್ವರ 600. ಜವಾರಿ (ಕುದುರೆಯ ಮೇಲೆ ತಂತಿಯ ಝೇಂಕಾರ) ಚೆನ್ನಾಗಿದ್ದಾಗ ತಾನಾಗಿ ಕೇಳುವ ಗಾಂಧಾರ ಅದು. ಅದಕ್ಕೆ ಹೊಂದಬೇಕಾದ ಗ 300 ಹರ್ಟ್ಜ್, ಅಂದರೆ 386.3 ಸೆಂಟ್. ಪೇಟಿಯ ಗ 400 ಸೆಂಟ್, 302.38 ಹರ್ಟ್ಜ್. ಇದರ ಎರಡನೇ ಉಪಸ್ವರ ತಂಬೂರಿಯ 600ಕ್ಕೆ ತಾಕಿ ಸೆಕೆಂಡಿಗೆ ಸುಮಾರು ಐದು ಮಿಡಿತ ಎಬ್ಬಿಸುತ್ತದೆ. ಟೋನನ್ನು 2, 3, 4, 5, 6, 7 ಹೇಗೆ ಒಡೆದರೂ ಈ ಗಾಂಧಾರಕ್ಕೆ ಅತಿ ಹತ್ತಿರದ ಸ್ವರ ಅದೇ ಹಳೆಯ 400! 8 ಪಾಲಾದಾಗ 375 ಬಂದು ಕೊಂಚ ಹತ್ತಿರವಾಗುತ್ತದೆ, 10 ಪಾಲಾದಾಗ 380. 12 ಪಾಲು ಮಾಡಿ ಸಪ್ತಕಕ್ಕೆ 72 ಸ್ವರ ಇಟ್ಟಾಗ 383.3 ಸಿಗುತ್ತದೆ, ಆಗ ಮೂರು ಸೆಂಟಿನ ಕೊರತೆ ಮಾತ್ರ. ಗಾಂಧಾರ ಒಂದನ್ನೇ ಸರಿಮಾಡಬೇಕಿದ್ದರೆ 72 ಸ್ವರದ ಗೊಡವೆ ಏಕೆ, ಆ ಒಂದು ರೀಡನ್ನು 14 ಸೆಂಟ್ ಇಳಿಸಿದರೆ ಆಯಿತು. ಆದರೆ ಆಮೇಲೆ ಆ ಪೇಟಿ ಒಂದೇ ಪಟ್ಟಿಗೆ ಮೀಸಲು. ಗಾಯಕರು ‘ಕಪ್ಪು ಒಂದ’ರಿಂದ ‘ಕಪ್ಪು ಎರಡ’ಕ್ಕೆ ಹೋದ ಕೂಡಲೇ ಇಳಿಸಿದ ರೀಡು ಬೇರೊಂದು ಸ್ವರವಾಗಿ ಕೂಗುತ್ತದೆ.

ಪ್ರಶ್ನೆ: ನಮ್ಮಲ್ಲಿ 22 ಶ್ರುತಿ ಇವೆಯಲ್ಲ. ಸಪ್ತಕವನ್ನು 22 ಸಮಪಾಲು ಮಾಡಿದರೆ ಭರತನ ಲೆಕ್ಕವೇ ಬರುವುದಿಲ್ಲವೇ?
— ಸಂಗೀತ ಶಿಕ್ಷಕಿ, ಗಂಗಾವತಿ

ಉತ್ತರ: ಬರುವುದಿಲ್ಲ. ಭರತ ಹೇಳುವ ಷಡ್ಜ ಗ್ರಾಮ ಎಂಬ ಸ್ವರಶ್ರೇಣಿಯಲ್ಲಿ ಸ್ವರಗಳಿಗೆ 4, 3, 2, 4, 4, 3, 2 ಎಂದು ಶ್ರುತಿ ಹಂಚಿ 22 ಆಗಿದೆ; ಸ–ಪ ನಡುವೆ 13. 1200ನ್ನು 22ರಿಂದ ಭಾಗಿಸಿದರೆ ಒಂದು ಪಾಲಿಗೆ 54.5 ಸೆಂಟ್. 13 ಪಾಲಿಗೆ 709.1 ಆಗುತ್ತದೆ. ತಂಬೂರಿಯ ಪಂಚಮ 702. ಏಳು ಸೆಂಟ್ ಏರಿದ ಪಂಚಮವನ್ನು ಯಾವ ಗಾಯಕರೂ ಕ್ಷಮಿಸುವುದಿಲ್ಲ.

ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಲೆಕ್ಕದಲ್ಲಿ ನಾಲ್ಕು ಶ್ರುತಿಯ ಅಂತರಕ್ಕೆ ಕಂಪನಗಳ ಅನುಪಾತ 9/8 (203.9 ಸೆಂಟ್), ಮೂರು ಶ್ರುತಿಯದು 10/9 (182.4), ಎರಡು ಶ್ರುತಿಯದು 16/15 (111.7). ನಾಲ್ಕಕ್ಕೂ ಮೂರಕ್ಕೂ ನಡುವೆ 21.5 ಸೆಂಟ್, ಮೂರಕ್ಕೂ ಎರಡಕ್ಕೂ ನಡುವೆ 70.7. ಎರಡು ಕಡೆಯೂ ‘ಒಂದು ಶ್ರುತಿ’ಯೇ, ಅಳತೆ ಮಾತ್ರ ಮೂರು ಪಟ್ಟಿಗೂ ಮಿಗಿಲು ಬೇರೆ. ಹಾಗಾಗಿ ‘ಟೋನಿಗೆ ನಾಲ್ಕು ಶ್ರುತಿ, ಪಾಶ್ಚಾತ್ಯರ ಕ್ವಾರ್ಟರ್ ಟೋನೂ ನಾಲ್ಕು, ಎರಡೂ ಒಂದೇ’ ಎಂದು ತರಗತಿಯಲ್ಲಿ ಹೇಳಿಕೊಡಬೇಡಿ. ಕ್ವಾರ್ಟರ್ ಟೋನ್ ಎಲ್ಲ ಕಡೆ 50 ಸೆಂಟ್. ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲ್ ಮತ್ತು ಅರ್ನೆಸ್ಟ್ ಕ್ಲೆಮೆಂಟ್ಸ್ 20ನೇ ಶತಮಾನದ ಆರಂಭದಲ್ಲಿ ಮಾಡಿಸಿದ ಶ್ರುತಿ ಹಾರ್ಮೋನಿಯಂ ಆಗಲಿ, ನಮ್ಮ ಕಾಲದಲ್ಲಿ ವಿದ್ಯಾಧರ ಓಕ್ ರೂಪಿಸಿದ 22 ಶ್ರುತಿಯ ಹಾರ್ಮೋನಿಯಂ ಆಗಲಿ ಈ ಅಸಮ ಪಾಲುಗಳನ್ನೇ ಹಿಡಿದವು.

ಪ್ರಶ್ನೆ: ಮನ್ಯಾಗ ಒಂದು ಹಳೇ ಡಬಲ್ ರೀಡಿನ ಪೇಟಿ ಅದ. ಹಾಡಾಕ ಬ್ಯಾರೆ ಪೇಟಿ ತಗೊಂಡೀವಿ. ಹಳೇದ್ರಾಗ ಮೂರು ಪಾಲಿಂದು ಪ್ರಯೋಗ ಮಾಡಿ ನೋಡಬೇಕಂತ ಮಾಡೀವ್ರಿ. ರೀಡು ಹೆಂಗ ಕೆರೀಬೇಕು? ಎಷ್ಟು ಕೆರದ್ರ ನಡೀತದ?
— ರಂಗಗೀತೆಗಳ ಪೇಟಿ ಮಾಸ್ತರರು, ರಾಯಚೂರು

ಉತ್ತರ: ಹಾಡಿಗೆ ಬೇಕಿಲ್ಲದ ಪೇಟಿಯಾದರೆ ಧೈರ್ಯವಾಗಿ ಮಾಡಿ. 18 ಸ್ವರವನ್ನು ಸಾಲಾಗಿ 18 ಕೀಗೆ ಕೂಡಿಸಲು ಹೋಗಬೇಡಿ. 37 ಕೀ ಪೇಟಿಯಲ್ಲಿ ಸರಿಯಾಗಿ ಎರಡು ಸಪ್ತಕ ಹಿಡಿಸುತ್ತದೆ, ನಿಜ. ಆದರೆ ಕೊನೆಯ ಕೀಯ ರೀಡು ಒಂದು ಇಡೀ ಸಪ್ತಕ ಕೆಳಗಿಳಿಯಬೇಕಾಗುತ್ತದೆ. ಕೆರೆದು ಅಷ್ಟು ಇಳಿಸಲಾಗದು, ಆ ಗಾತ್ರದ ಬೇರೆ ರೀಡು ಆ ಕಿಂಡಿಗೆ ಕೂರದು. ಇಡೀ ರೀಡ್ ಬೋರ್ಡನ್ನೇ ಹೊಸದಾಗಿ ಮಾಡಿಸಬೇಕಾದೀತು.

ಎರಡು ಸಾಲು ರೀಡು ಇರುವುದನ್ನೇ ಬಳಸಿಕೊಳ್ಳಿ. ಸ, ಶುದ್ಧ ರಿ, ಶುದ್ಧ ಗ, ತೀವ್ರ ಮ, ಕೋಮಲ ಧ, ಕೋಮಲ ನಿ ಈ ಆರನ್ನು ಎರಡೂ ಸಾಲಿನಲ್ಲಿ ಮುಟ್ಟಬೇಡಿ. ಉಳಿದ ಆರನ್ನು, ಅಂದರೆ ಕೋಮಲ ರಿ, ಕೋಮಲ ಗ, ಶುದ್ಧ ಮ, ಪ, ಶುದ್ಧ ಧ, ಶುದ್ಧ ನಿ ರೀಡುಗಳನ್ನು, ಮೊದಲ ಸಾಲಿನಲ್ಲಿ 33.3 ಸೆಂಟ್ ಇಳಿಸಿ, ಎರಡನೇ ಸಾಲಿನಲ್ಲಿ 33.3 ಸೆಂಟ್ ಏರಿಸಿ. ಎರಡು ಸಾಲಿನ ಸ್ಟಾಪರ್ ಒಂದೊಂದಾಗಿ ತೆರೆದು ನುಡಿಸಿದರೆ 18 ಸ್ವರವೂ ಸಿಕ್ಕವು. ಸಾಲುಗಳು ಖರಜ–ಮೇಲ್ (ಒಂದು ಮಂದ್ರದ್ದು, ಒಂದು ಮಧ್ಯ ಸಪ್ತಕದ್ದು) ಆಗಿದ್ದರೆ ಒಂದರ ಸ್ವರಗಳು ಒಂದು ಸಪ್ತಕ ಕೆಳಗೆ ಬರುತ್ತವೆ. ಎರಡೂ ಮೇಲ್ ಆಗಿದ್ದರೆ ಹೋಲಿಸಿ ಕೇಳಲು ಅನುಕೂಲ. ಅಂಥ ಪೇಟಿಯಲ್ಲಿ ಎರಡೂ ಸ್ಟಾಪರ್ ಒಟ್ಟಿಗೆ ತೆರೆದು ಪಂಚಮದ ಕೀ ಒತ್ತಿದರೆ 352.7 ಮತ್ತು 366.6 ಹರ್ಟ್ಜ್ ಎರಡೂ ಕೂಗಿ ಸೆಕೆಂಡಿಗೆ ಸುಮಾರು 14 ಮಿಡಿತದ ಗೊರಗೊರ ಕೇಳುತ್ತದೆ. ಅದು ರೀಡಿನ ದೋಷವಲ್ಲ, ಲೆಕ್ಕ ಸರಿಯಾಗಿದೆ ಎಂಬುದಕ್ಕೆ ಗುರುತು.

ಕೆರೆಯುವ ಕ್ರಮ ನಿಮಗೆ ಗೊತ್ತಿರಬಹುದು, ಆದರೂ ಹೇಳುತ್ತೇವೆ. ನಾಲಗೆಯ ತುದಿಯಲ್ಲಿ ಲೋಹ ತೆಗೆದರೆ ಸ್ವರ ಏರುತ್ತದೆ. ರಿವೆಟ್ ಹತ್ತಿರ ಬುಡದಲ್ಲಿ ತೆಗೆದರೆ ಇಳಿಯುತ್ತದೆ. ನಾಲಗೆಯ ಕೆಳಗೆ ತೆಳು ಹಿತ್ತಾಳೆ ತಗಡು ತೂರಿಸಿಯೇ ಕೆರೆಯಿರಿ, ಇಲ್ಲದಿದ್ದರೆ ನಾಲಗೆ ಕೆಳಗೆ ಬಾಗಿ ಸದ್ದೇ ಹೊರಡದು. ಉದ್ದಕ್ಕೆ ಕೆರೆಯಬೇಕು. ಅಡ್ಡಗೆರೆ ಬಿದ್ದರೆ, ಅದರಲ್ಲೂ ಬುಡದಲ್ಲಿ, ಮುಂದೊಂದು ದಿನ ಅಲ್ಲೇ ಮುರಿಯುತ್ತದೆ. 33 ಸೆಂಟಿಗೆ ಸಾಧಾರಣ ರೀಡು ತಡೆದುಕೊಳ್ಳುತ್ತದೆ. ಹಿಂದೆ ಹಲವು ಸಲ ಕೆರೆಸಿಕೊಂಡು ತೆಳುವಾದ ರೀಡಾದರೆ ಬುಡವನ್ನು ಇನ್ನು ಮುಟ್ಟದಿರುವುದು ಮೇಲು. ಅದನ್ನು ಏರಿಸುವ ಸಾಲಿಗೆ ಹಾಕಿ.

ಕೆರೆದ ತಕ್ಷಣ ಅಳೆಯಬೇಡಿ. ಬೆರಳಿನ, ಉಜ್ಜುವಿಕೆಯ ಬಿಸಿಗೆ ಸ್ವರ ಸ್ವಲ್ಪ ಇಳಿದಿರುತ್ತದೆ. ಆರಿದ ಮೇಲೆ ನೋಡಿದರೆ ಏರಿರುತ್ತದೆ. ಗುರಿಗಿಂತ ಮೂರು ನಾಲ್ಕು ಸೆಂಟ್ ಈಚೆಗೇ ನಿಲ್ಲಿಸಿ, ರೀಡನ್ನು ಬೋರ್ಡಿಗೆ ಕೂರಿಸಿ, ಪೇಟಿ ಮುಚ್ಚಿ, ತಿದಿಯನ್ನು ಒಂದೇ ಒತ್ತಡದಲ್ಲಿ ಹಾಕಿ ಅಳೆಯಿರಿ. ಜೋರಾಗಿ ಗಾಳಿ ಹಾಕಿದರೆ ರೀಡು ಕೊಂಚ ಇಳಿದು ನುಡಿಯುತ್ತದೆ, ಅದನ್ನು ನಂಬಿ ಮತ್ತೆ ಕೆರೆದವರು ಕೆಟ್ಟರು. ನಿಮ್ಮೂರಿನ ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಸಂದು ಬಿಡುತ್ತದೆ, ಧೂಳು ರೀಡಿನ ಅಂಚಿಗೆ ಸೇರುತ್ತದೆ. ಗರ್ ಎನ್ನುವ ರೀಡಿಗೆ ಮೊದಲು ಮೆತ್ತನೆ ಕುಂಚ, ಆಮೇಲೆ ಬ್ಲೇಡು.

ಪ್ರಶ್ನೆ: ಸಿತಾರ್, ವೀಣೆಗಳಲ್ಲಿ ಮೆಟ್ಟಿಲು ಎಲ್ಲಿ ಕೂರಿಸಬೇಕೆಂದು ಲೆಕ್ಕ ಹಾಕುವುದು ಹೇಗೆ? ಸ್ಕೇಲ್ ಇಟ್ಟು ಸಮವಾಗಿ ಭಾಗ ಮಾಡಿದರೆ ಸಾಲದೇ?
— ವೀಣಾ ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ಸಾಲದು. ನುಡಿಯುವ ತಂತಿ 900 ಮಿಲಿಮೀಟರ್ ಇದೆ ಎನ್ನೋಣ. ಸಪ್ತಕ ಮುಗಿಯುವುದು ಅರ್ಧಕ್ಕೆ, 450ರಲ್ಲಿ. ಆ 450ನ್ನು ತಲಾ 75ರಂತೆ ಆರು ಸಮಭಾಗ ಮಾಡಿ ‘ಆರು ಹೋಲ್ ಟೋನ್’ ಎಂದುಕೊಂಡರೆ ಮೊದಲ ಭಾಗ 150.6 ಸೆಂಟ್ ಕೊಡುತ್ತದೆ, ಕೊನೆಯದು 266.9. ತಂತಿ ಗಿಡ್ಡವಾದಂತೆ ಅದೇ 75 ಮಿಲಿಮೀಟರಿನ ಬೆಲೆ ಹೆಚ್ಚುತ್ತದೆ.

ಸರಿಯಾದ ದಾರಿ: ಕುದುರೆಯಿಂದ (ತಂತಿ ಹೊರುವ ಬ್ರಿಜ್) ಮೆಟ್ಟಿಲಿಗಿರುವ ಉದ್ದವನ್ನು ಪ್ರತಿ ಹೆಜ್ಜೆಗೂ ಒಂದೇ ಸಂಖ್ಯೆಯಿಂದ ಗುಣಿಸುವುದು. ಟೋನಿಗೆ 2 ಪಾಲಾದರೆ 0.94387, 3 ಪಾಲಿಗೆ 0.96222, 4ಕ್ಕೆ 0.97153, 6ಕ್ಕೆ 0.98093. 900ರ ತಂತಿಗೆ ಮೂರು ಪಾಲಿನ ಮೆಟ್ಟಿಲುಗಳು ಮೇಲುತುದಿಯಿಂದ 34.0, 66.7, 98.2 ಮಿಲಿಮೀಟರಿನಲ್ಲಿ ಬರುತ್ತವೆ. ನಾಲ್ಕು ಪಾಲಾದರೆ 25.6, 50.5, 74.7, 98.2. ಎರಡು ಪಟ್ಟಿಯಲ್ಲೂ ಕೊನೆಯ ಸಂಖ್ಯೆ ಒಂದೇ ಬಂದಿತೇ ಎಂದು ನೋಡಿ. ಬರದಿದ್ದರೆ ಎಲ್ಲೋ ಗುಣಾಕಾರ ತಪ್ಪಿದೆ.

ಈ ಅಂಕಿಗಳು ಕಾಗದದ ಮೇಲಿನವು. ತಂತಿಯನ್ನು ಒತ್ತಿದಾಗ ಬಿಗಿ ಹೆಚ್ಚಿ ಸ್ವರ ಏರುತ್ತದೆ. ಮೆಟ್ಟಿಲು ಎತ್ತರವಿದ್ದಷ್ಟೂ ಏರಿಕೆ ಜಾಸ್ತಿ, ಆದ್ದರಿಂದ ಕೊನೆಗೆ ಮೆಟ್ಟಿಲನ್ನು ಕೂದಲೆಳೆಯಷ್ಟು ಮೇಲುತುದಿಯ ಕಡೆ ಸರಿಸಿ ಕಿವಿಯಿಂದ ಕೂರಿಸಬೇಕು. ಪ್ರಯೋಗಕ್ಕೆ ಸಿತಾರೇ ವಾಸಿ. ಅದರ ಪರದೆಗಳು ದಾರದಿಂದ ಕಟ್ಟಿದವು, ಸರಿಸಿ ಮತ್ತೆ ಹಳೆಯ ಜಾಗಕ್ಕೆ ತರಬಹುದು. ವೀಣೆಯ 24 ಮೆಟ್ಟಿಲುಗಳು ಮೇಣದಲ್ಲಿ ಕೂತಿವೆ, ಸಪ್ತಕಕ್ಕೆ 12ರಂತೆ. ಒಂದನ್ನು ಕದಲಿಸಲು ಮೇಣ ಬಿಸಿಮಾಡಿದರೆ ಪಕ್ಕದ್ದೂ ಮಿಸುಕುತ್ತದೆ. ಮೇಳ ಕಟ್ಟುವವರನ್ನು ಕೇಳದೆ ಕೈ ಹಾಕಬೇಡಿ, ಅದರಲ್ಲೂ ಬಳ್ಳಾರಿಯ ಏಪ್ರಿಲ್–ಮೇನಲ್ಲಿ, ಮೇಣ ಮೊದಲೇ ಮೆತ್ತಗಿರುವಾಗ. ಜಾಗವೂ ಒಂದು ತೊಡಕು: ಟೋನಿಗೆ ಆರು ಪಾಲಾದರೆ ಮೇಲಿನ ಸಪ್ತಕದ ಆರಂಭದಲ್ಲಿ ಎರಡು ಮೆಟ್ಟಿಲುಗಳ ನಡುವೆ ಉಳಿಯುವುದು 8.6 ಮಿಲಿಮೀಟರ್. ಬೆರಳಿನ ತುದಿಯೂ ಕೂರುವುದಿಲ್ಲ.

ವೀಣೆಯ ಮೇಲೆ ಟೋನು ಎರಡೇ ಪಾಲಾಗಿ ನಿಂತದ್ದಕ್ಕೆ ನಿಮ್ಮ ಭಾಗದ ಕೊಡುಗೆಯೂ ಇದೆ. ಅಳಿಯ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯ 1550ರಲ್ಲಿ ಬರೆದ ‘ಸ್ವರಮೇಳಕಲಾನಿಧಿ’ಯಲ್ಲಿ ಮೆಟ್ಟಿಲು ಕೂರಿಸುವ ವಿವರ ಇದೆ. ಒಂದೇ ಮೆಟ್ಟಿಲು ನಾಲ್ಕೂ ತಂತಿಗೆ ಅಡ್ಡವಾಗಿ ಸಾಗುವಾಗ ಪ್ರತಿ ತಂತಿಗೂ ಬೇರೆ ಬೇರೆ ಶ್ರುತಿ ಕೊಡಲಾಗದು. ಹತ್ತಿರದ ಶ್ರುತಿಗಳು ಒಂದೇ ಮೆಟ್ಟಿಲಿಗೆ ಬರಬೇಕಾಗುತ್ತದೆ. ಉಳಿದ ಸೂಕ್ಷ್ಮವನ್ನು ತಂತಿ ಎಳೆದು ಗಮಕದಲ್ಲಿ ತರಬೇಕು, ಇವತ್ತಿಗೂ ಹಾಗೆಯೇ.

ಪ್ರಶ್ನೆ: ಟೋನಿಗೆ 9 ಕೋಮಾ ಎಂದು ಓದಿದ್ದೇನೆ. ಹಾಗಾದರೆ ಸಪ್ತಕಕ್ಕೆ 54 ಆಗಬೇಕಲ್ಲ, 53 ಎನ್ನುತ್ತಾರೇಕೆ?
— ವಿಜ್ಞಾನ ಶಿಕ್ಷಕರು, ಮಾನ್ವಿ

ಉತ್ತರ: ಆ ಟೋನು ಪೇಟಿಯ 200 ಸೆಂಟಿನದಲ್ಲ, 9/8ರ 203.9 ಸೆಂಟಿನದು. ಅಂಥ ಆರು ಟೋನು ಕೂಡಿದರೆ ಸಪ್ತಕವನ್ನು 23.5 ಸೆಂಟ್ ಮೀರುತ್ತದೆ, ಅಂದರೆ ಹೆಚ್ಚುಕಮ್ಮಿ ಒಂದು ಕೋಮಾ. ಅದನ್ನು ಕಳೆದರೆ 53. ಹೀಗೆ ಮಾಡಿದಾಗ ಒಂದು ಪಾಲು 22.64 ಸೆಂಟ್, 31 ಪಾಲಿಗೆ ಪಂಚಮ 701.9, 17 ಪಾಲಿಗೆ ಗಾಂಧಾರ 384.9. ಎರಡೂ ಒಪ್ಪುವಂಥವು. ಪೇಟಿಯ ಟೋನನ್ನೇ 9 ಮಾಡಿ 54 ಇಟ್ಟರೆ ಬೆಸ ಪಾಲಿನ ಕಾಟ ಮತ್ತೆ ಬರುತ್ತದೆ: ಪಂಚಮ 688.9 ಇಲ್ಲವೇ 711.1.

ಪ್ರಶ್ನೆ: ಆರ್ಕೆಸ್ಟ್ರಾ ಕೀಬೋರ್ಡಿನಲ್ಲಿ ಇವನ್ನು ನುಡಿಸಬಹುದೇ? ಕಂಪ್ಯೂಟರಿನಲ್ಲಾದರೆ ಹೇಗೆ?
— ಕೀಬೋರ್ಡ್ ವಾದಕರು, ಕುಷ್ಟಗಿ

ಉತ್ತರ: ಕೀಬೋರ್ಡಿನ ಮೆನುವಿನಲ್ಲಿ ‘ಸ್ಕೇಲ್ ಟ್ಯೂನ್’ ಇದ್ದರೆ ಅರ್ಧ ದಾರಿ ಸಾಗಿದಂತೆ. ಹಲವು ಮಾದರಿಗಳಲ್ಲಿ ಒಂದು ಸ್ವರವನ್ನು ಸುಮಾರು 64 ಸೆಂಟಿನವರೆಗೆ ಮಾತ್ರ ಏರಿಸಿ ಇಳಿಸಬಹುದು, ಮತ್ತು ಒಂದು ಸಪ್ತಕದಲ್ಲಿ ಮಾಡಿದ ಬದಲಾವಣೆ ಎಲ್ಲ ಸಪ್ತಕಕ್ಕೂ ಹೋಗುತ್ತದೆ. ಕೀಗಳು ಹನ್ನೆರಡೇ ಇರುವುದರಿಂದ ಸ್ವರಗಳೂ ಹನ್ನೆರಡೇ. ಎರಡು ಕೀಬೋರ್ಡ್ ಇದ್ದರೆ ಮೇಲೆ ಪೇಟಿಗೆ ಹೇಳಿದ ಕ್ರಮವನ್ನೇ ಹಿಡಿಯಿರಿ, ಒಂದರಲ್ಲಿ ಆ ಆರು ಸ್ವರಕ್ಕೆ −33, ಇನ್ನೊಂದರಲ್ಲಿ +33. ಕ್ವಾರ್ಟರ್ ಟೋನಿಗೆ ಇನ್ನೂ ಸುಲಭ: ಒಂದು ಕೀಬೋರ್ಡನ್ನು ಪೂರ್ತಿಯಾಗಿ 50 ಸೆಂಟ್ ಏರಿಸಿಟ್ಟರೆ ಸಾಕು.

ಕಂಪ್ಯೂಟರಿನಲ್ಲಿ ಪಿಚ್ ಬೆಂಡ್ ಬಳಸುವುದಾದರೆ ಅದರ ಅಂಕಿ 0ಯಿಂದ 16383, ನಡುವಿನದು 8192. ಸಾಮಾನ್ಯವಾಗಿ ವ್ಯಾಪ್ತಿ ಆಚೀಚೆ 200 ಸೆಂಟ್. 50 ಸೆಂಟ್ ಏರಿಸಲು 10240, 66.67ಕ್ಕೆ 10923 ಹಾಕಿ. ಕೈಕೊಡುವುದು ಎರಡು ಕಡೆ. ವ್ಯಾಪ್ತಿಯನ್ನು ಯಾರಾದರೂ ಒಂದು ಸಪ್ತಕಕ್ಕೆ ಬದಲಿಸಿಟ್ಟಿದ್ದರೆ ಅದೇ 10240 ನಿಮಗೆ 300 ಸೆಂಟ್ ಕೊಡುತ್ತದೆ. ಬೆಂಡ್ ಇಡೀ ಚಾನೆಲ್ಲಿಗೆ ತಗಲುವುದರಿಂದ ಒಟ್ಟಿಗೆ ನುಡಿಯುವ ಪ್ರತಿ ಸ್ವರಕ್ಕೂ ಬೇರೆ ಚಾನೆಲ್ ಬೇಕು.

ಸ್ಕಾಲಾ ಫೈಲ್ (ಸ್ವರಕ್ರಮವನ್ನು ಬರೆದಿಡುವ ಪಠ್ಯ ಕಡತ) ಓದುವ ಸಾಫ್ಟ್‌ವೇರ್ ಇದ್ದರೆ ಈ ರಗಳೆ ಇಲ್ಲ. ಮೊದಲ ಸಾಲಿನಲ್ಲಿ ವಿವರಣೆ, ಎರಡನೇ ಸಾಲಿನಲ್ಲಿ ಸ್ವರಗಳ ಸಂಖ್ಯೆ 18, ಆಮೇಲೆ ಸಾಲಿಗೊಂದರಂತೆ 66.66667, 133.33333, 200.0 ಹೀಗೆ ಏರುತ್ತಾ ಕೊನೆಗೆ 2/1. ಸ ಬರೆಯಬೇಕಿಲ್ಲ. ಒಂದು ಬಿಂದು ಮರೆತರೆ ಕೆಟ್ಟಿತು: 200.0 ಎಂದರೆ ಸೆಂಟ್, ಬರೀ 200 ಎಂದರೆ 200/1 ಎಂಬ ಅನುಪಾತ. ಆ ಕೀ ಒತ್ತಿದಾಗ ಕಿವಿಗೆ ಕೇಳದಷ್ಟು ಮೇಲಿನ ಸ್ವರ ಹೊರಟು, ಸ್ಪೀಕರ್ ಕೆಟ್ಟಿದೆ ಎಂದುಕೊಳ್ಳುತ್ತೀರಿ.

ಪ್ರಶ್ನೆ: ಇದನ್ನೆಲ್ಲ ನಿಜವಾಗಿ ನುಡಿಸಿದವರು ಯಾರಾದರೂ ಇದ್ದಾರೆಯೇ, ಅಥವಾ ಬರೀ ಲೆಕ್ಕವೇ?
— ಓದುಗರು, ಸಿರುಗುಪ್ಪ

ಉತ್ತರ: ಇದ್ದಾರೆ. ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಕ್ ಶಾಸ್ತ್ರಕಾರ ಅರಿಸ್ಟಾಕ್ಸೆನಸ್ ಟೋನಿನ ಅರ್ಧ, ಮೂರನೇ ಒಂದು, ನಾಲ್ಕನೇ ಒಂದು ಪಾಲುಗಳನ್ನು ಹೇಳಿದ. 14ನೇ ಶತಮಾನದ ಆರಂಭದಲ್ಲಿ ಇಟಲಿಯ ಮಾರ್ಕೆಟ್ಟೊ ಐದು ಪಾಲು ಎಂದ. ಅವು ಶಾಸ್ತ್ರದ ಮಾತು. ವಾದ್ಯ ಮಾಡಿಸಿ ನುಡಿಸಿದವರಲ್ಲಿ ಹೆಚ್ಚಿನವರು 20ನೇ ಶತಮಾನದವರು. ಜೆಕ್ ಸಂಗೀತಗಾರ ಅಲೋಯಿಸ್ ಹಾಬಾ ಕ್ವಾರ್ಟರ್ ಟೋನ್ ಪಿಯಾನೋಗೆ ಕೃತಿಗಳನ್ನು ರಚಿಸಿದರು. ಮೆಕ್ಸಿಕೋದ ಹೂಲಿಯಾನ್ ಕರಿಯೊ ಅವರಂತೂ ಹಟಕ್ಕೆ ಬಿದ್ದವರಂತೆ 15 ಪಿಯಾನೋ ಮಾಡಿಸಿ 1958ರ ಬ್ರಸೆಲ್ಸ್ ವಿಶ್ವ ಪ್ರದರ್ಶನದಲ್ಲಿ ಇಟ್ಟರು. ಒಂದರಲ್ಲಿ ಇಡೀ ಟೋನು, ಉಳಿದವುಗಳಲ್ಲಿ ಟೋನಿನ ಮೂರನೇ ಒಂದು ಪಾಲಿನಿಂದ ಹದಿನಾರನೇ ಒಂದು ಪಾಲಿನವರೆಗೆ. ಹದಿನಾರು ಪಾಲಿನ ಪಿಯಾನೋದಲ್ಲಿ ಸಪ್ತಕಕ್ಕೆ 96 ಸ್ವರ. ಇಡೀ ಕೀ ಸಾಲು ಸೇರಿದರೂ ಸುಮಾರು ಒಂದು ಸಪ್ತಕ ಅಷ್ಟೆ. ನಮ್ಮಲ್ಲಿ ಗಲಾಟೆ ಬೇರೆ ತರಹದ್ದು: 12 ಸಮಪಾಲಿನ ಪೇಟಿಯೇ ಬೇಡವೆಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು. ಆ ನಿಷೇಧ ಸಡಿಲವಾಗಿದ್ದು 1971ರಲ್ಲಿ.

ಪ್ರಶ್ನೆ: ಮೊಬೈಲಿನ ಟ್ಯೂನರ್ ಆ್ಯಪ್‌ನಲ್ಲಿ ಹನ್ನೆರಡು ಸ್ವರದ ಹೆಸರು ಮಾತ್ರ ಇವೆ. ಅದರಲ್ಲಿ ಇವನ್ನು ಅಳೆಯಬಹುದೇ?
— ಗಾಯನ ವಿದ್ಯಾರ್ಥಿ, ಲಿಂಗಸುಗೂರು

ಉತ್ತರ: ಬೇಕಾದಷ್ಟು ಆಗುತ್ತದೆ. ಹೆಸರನ್ನು ಬಿಟ್ಟು ಮುಳ್ಳಿನ ಪಕ್ಕದ ಸೆಂಟ್ ಅಂಕಿ ನೋಡಿ. ನಿಮ್ಮ ಸ ಆ್ಯಪಿನ ಒಂದು ಸ್ವರಕ್ಕೆ ಸರಿಯಾಗಿ ಕೂತಿದ್ದರೆ ಮೂರು ಪಾಲಿನ ಮೊದಲ ಸ್ವರ ‘ಕೋಮಲ ರಿ −33’ ಎಂದು, ಎರಡನೆಯದು ‘ಕೋಮಲ ರಿ +33’ ಎಂದು ಬರುತ್ತದೆ. ಕ್ವಾರ್ಟರ್ ಟೋನಿಗೆ ಇದು ಕೆಟ್ಟ ಸಾಧನ, ಏಕೆಂದರೆ 50 ಸೆಂಟಿನಲ್ಲಿ ಆ್ಯಪ್ ಒಮ್ಮೆ ಈ ಸ್ವರದ +50, ಒಮ್ಮೆ ಮುಂದಿನದರ −50 ಎಂದು ಹೊಯ್ದಾಡುತ್ತದೆ. ಆಗ ಸೆಟ್ಟಿಂಗಿನಲ್ಲಿರುವ 440ನ್ನು 452.9 ಮಾಡಿ, ಎಲ್ಲ ಗುರಿಗಳೂ 50 ಸೆಂಟ್ ಮೇಲೇರಿ, ನಿಮ್ಮ ಸ್ವರ ಮುಳ್ಳಿನ ನಡುವೆ ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ 440ಕ್ಕೆ ವಾಪಸು ತನ್ನಿ, ಮರುದಿನ ತಂಬೂರಿ ಕೂಡಿಸುವ ಮುಂಚೆ.